ಚಾಮುಂಡಿಬೆಟ್ಟದ ಇಳಿಜಾರು

ಚಾಮುಂಡಿಬೆಟ್ಟಕ್ಕೆ ಹೋಗಿಬಂದವರಲ್ಲಿ ಬಹುಮಂದಿ ಹತ್ತುವ ಶ್ರಮವನ್ನೇ ವರ್ಣಿಸುವರು. ಇಳಿಯುವ ಸಂಗತಿಯನ್ನು ಎತ್ತುವವರು ವಿರಳ. ದೊಡ್ಡದೇವರಾಜ ಒಡೆಯರ ಕಾಲದ ಸಾವಿರ ಮೆಟ್ಟಿಲುಗಳ ಹಾದಿಯಲ್ಲಿ ಇಳಿದವರಿಗೆ ಮೊಣಕಾಲುಗಳೇ ಅದನ್ನು ನೆನಪಿಸುತ್ತವೆ. ವಾಹನದಲ್ಲಿ ಬರುವವರ ಪಾಲಿಗೆ ಆ ಮೊಣಕಾಲು ಯಾವುದೆಂದರೆ, ಬ್ರೇಕು. ಮೈಸೂರು ನಗರವು ಸಮುದ್ರಮಟ್ಟಕ್ಕೆ ಸುಮಾರು 2,500 ಅಡಿ ಮೇಲಿದೆ. ಬೆಟ್ಟದ ನೆತ್ತಿ ಸುಮಾರು 3,500 ಅಡಿ. ಈ ಸಾವಿರ ಅಡಿಗಳ ಲೆಕ್ಕವನ್ನು ಹತ್ತುವಾಗ ಎಂಜಿನು ತೀರಿಸುತ್ತದೆ, ಇಳಿಯುವಾಗ ಬ್ರೇಕು ತೀರಿಸಬೇಕು.

ಈ ವಿಚಾರವು ನಮ್ಮ ಮನೆಯಲ್ಲಿ ಏಕೆ ಎದ್ದಿತೆಂಬುದನ್ನು ವಾಚಕರಿಗೆ ತಿಳಿಸಬೇಕು. ನಮ್ಮ ಅಣ್ಣನವರು ಯೌವನದಲ್ಲಿ ಕೊಂಡಿದ್ದ ರಾಜದೂತ್ 350 ಎಂಬ ಮೋಟಾರು ಬೈಸಿಕಲ್ಲು, ಅವರು ಕಾಲವಾದ ಮೇಲೆ ಒಂಬತ್ತು ವರ್ಷ ಹಿತ್ತಿಲ ಕೊಟ್ಟಿಗೆಯಲ್ಲಿ ಹಳೆಯ ಜಮಖಾನೆಯನ್ನು ಹೊದ್ದು ನಿಂತಿತ್ತು. ಮಗನು ಅದನ್ನು ಹೊರಗೆ ತೆಗೆಯಬೇಕೆಂದನು. ಅತ್ತಿಗೆಯವರು ಬೇಡವೆನ್ನಲಿಲ್ಲ, “ಅದು ಓಡುವುದನ್ನು ನಾನು ನೋಡಿದ್ದೇನೆ. ನಿಲ್ಲುವುದನ್ನು ನಿಮ್ಮ ಚಿಕ್ಕಪ್ಪ ನೋಡಿ ಒಪ್ಪಲಿ” ಎಂದು ಬೀಗದ ಕೈಯನ್ನು ಸೆರಗಿಗೆ ಗಂಟುಹಾಕಿಕೊಂಡರು.

ಆ ಮಾತಿನಲ್ಲಿ ಹುರುಳಿತ್ತು. ಜಪಾನಿನ ಯಾಮಹಾದವರು 1973ರಲ್ಲಿ ಆರ್.ಡಿ. 350 ಎಂಬ ವೇಗದ ಬಂಡಿಯನ್ನು ಹೊರತಂದರು. 1983ರಲ್ಲಿ ನಮ್ಮ ದೇಶದ ಎಸ್ಕಾರ್ಟ್ಸ್ ಸಂಸ್ಥೆಯು ಅದನ್ನೇ ರಾಜದೂತ್ ಎಂಬ ಹೆಸರಿನಲ್ಲಿ ಇಲ್ಲಿಗೆ ತಂದಿತು. 347 ಸಿ.ಸಿ.ಯ ಜೋಡಿ ಸಿಲಿಂಡರು, ಎರಡು ಹೊಡೆತದ ಎಂಜಿನು, ಆರು ಗೇರು. ಮೊದಲ ಮಾದರಿಗೆ 30.5 ಅಶ್ವಶಕ್ತಿ. ಅದೇ ಗಾತ್ರದ ಬುಲೆಟ್ಟು ಆಗ ಸುಮಾರು 18 ಅಶ್ವಶಕ್ತಿಯಿಂದ ತೃಪ್ತವಾಗಿತ್ತು. ಆದರೆ ಜಪಾನಿನ ಬಂಡಿಯ ಮುಂದಿನ ಚಕ್ರಕ್ಕೆ ಇದ್ದ ಡಿಸ್ಕ್ ಬ್ರೇಕು ಇಲ್ಲಿಗೆ ಬರಲಿಲ್ಲ. ಅದರ ಸ್ಥಾನದಲ್ಲಿ ಡ್ರಮ್ಮು ಬಂದಿತು. ಕುದುರೆ ಅದೇ, ಕಡಿವಾಣ ಬೇರೆ.

ಡ್ರಮ್ಮಿನ ದೋಷವೇನೆಂಬುದನ್ನು ಇಳಿಜಾರೇ ತೋರಿಸುತ್ತದೆ. ಬಂಡಿಯೂ ಅದರ ಮೇಲೆ ಕುಳಿತ ಇಬ್ಬರೂ ಸೇರಿ 300 ಕಿಲೋಗ್ರಾಂ ತೂಗುವರೆಂದು ಇಟ್ಟುಕೊಳ್ಳೋಣ. ಇಷ್ಟು ಭಾರವು 300 ಮೀಟರು ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿಯು ಎರಡೂವರೆ ಲೀಟರಿಗೂ ಮಿಕ್ಕ ತಣ್ಣೀರನ್ನು ಕುದಿಸಲು ಸಾಕು. ಅದರಲ್ಲಿ ಒಂದಂಶವನ್ನು ಗಾಳಿ ಒಯ್ಯುವುದು. ಎರಡು ಹೊಡೆತದ ಎಂಜಿನು ಇಳಿಜಾರಿನಲ್ಲಿ ತಡೆಹಿಡಿಯುವುದು ಬಹು ಸ್ವಲ್ಪ. ಮಿಕ್ಕದ್ದೆಲ್ಲ ಬ್ರೇಕಿನಲ್ಲಿ ಕಾವಾಗಿ ಪರಿಣಮಿಸಬೇಕು. ಮುಚ್ಚಿದ ಡ್ರಮ್ಮು ಕಾದಷ್ಟೂ ಹಿಗ್ಗಿ ಒಳಗಿನ ಪಟ್ಟಿಗಳಿಂದ ದೂರ ಸರಿಯುತ್ತದೆ. ಪಟ್ಟಿಗಳೂ ಅತಿಯಾಗಿ ಕಾದರೆ ಹಿಡಿತವನ್ನು ಕಳೆದುಕೊಳ್ಳುತ್ತವೆ. ಬ್ರೇಕು ಹೆಚ್ಚಾಗಿ ಬೇಕಾದ ಹೊತ್ತಿಗೇ ಅದು ಕಡಮೆಯಾಗುವುದು. ಡಿಸ್ಕಾದರೋ ಬಯಲಿನಲ್ಲಿ ತಿರುಗುವ ತಟ್ಟೆ; ಕಾವನ್ನು ಕೂಡಲೇ ಗಾಳಿಗೆ ಒಪ್ಪಿಸಿಬಿಡುತ್ತದೆ, ಹಿಗ್ಗಿದರೂ ಹಿಡಿಯುವ ಬಿಲ್ಲೆಗಳಿಂದ ದೂರವಾಗುವುದಿಲ್ಲ.

ನೆರೆಮನೆಯ ಮಿತ್ರರೊಬ್ಬರು ಇದಕ್ಕೆ ಆಕ್ಷೇಪವೆತ್ತಿದರು. ಹಳೆಯ ವಸ್ತುವಿನ ಮೂಲರೂಪವನ್ನು ಕೆಡಿಸಬಾರದೆಂಬುದು ಅವರ ಮತ. ನಮಗೂ ಜೀರ್ಣೋದ್ಧಾರದ ಮರ್ಯಾದೆ ಗೊತ್ತಿಲ್ಲದೆ ಇಲ್ಲ. ಆದರೆ ಮೂಲರೂಪವೆಂದರೆ ಯಾವುದು? ಹುಟ್ಟಿದ ನಾಡಿನಲ್ಲಿ ಆ ಬಂಡಿಗೆ ಡಿಸ್ಕು ಇದ್ದೇ ಇತ್ತು. ಕಳೆದುಹೋದುದನ್ನು ಮರಳಿ ಕೊಡುವುದು ವಿಕಾರವಲ್ಲ. ಅದಲ್ಲದೆ, ಯಂತ್ರವೆಂಬ ಶಬ್ದವೇ ಹಿಡಿದು ನಿಲ್ಲಿಸು ಎಂಬ ಅರ್ಥವುಳ್ಳ ‘ಯಮ್’ ಧಾತುವಿನಿಂದ ಬಂದದ್ದು. ಅಮರಕೋಶದಲ್ಲಿ ಸಾರಥಿಗೆ ‘ಯಂತಾ’ ಎಂಬುದೂ ಒಂದು ಹೆಸರು. ಮಿತ್ರರು ವ್ಯಾಕರಣಕ್ಕೆ ಸೋಲಲಿಲ್ಲ, ಡ್ರಮ್ಮನ್ನು ಎಸೆಯುವುದಿಲ್ಲವೆಂದ ಮೇಲೆ ಸುಮ್ಮನಾದರು. ಅದು ಎಣ್ಣೆಬಟ್ಟೆಯಲ್ಲಿ ಸುತ್ತಿಸಿಕೊಂಡು ಅಟ್ಟದ ಮೇಲಿದೆ.

ಕೆಲಸಕ್ಕೆ ಕೈಯಿಡುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿದೆವು. ತಯಾರಕರು ಕೊಟ್ಟ ವಿವರಗಳಿಗೆ ಭಿನ್ನವಾಗಿ ವಾಹನವನ್ನು ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು ಕಟ್ಟುಪಾಡು ಹಾಕಿದೆ; ಲಿಖಿತವಾದ ಒಪ್ಪಿಗೆಯಿಲ್ಲದೆ ಮುಂದುವರಿಯುವುದು ಉಚಿತವಲ್ಲ.

ಹುಡುಗನು ಮೊದಲು ಬ್ರೇಕಿಗೇ ಹೋಗಬೇಕೆಂದಿದ್ದನು. ಕುಶಲನಾದ ಮುದುಕ ಮೆಕ್ಯಾನಿಕ್ಕು ತಡೆದನು. ಬ್ರೇಕು ನಿಲ್ಲಿಸುವುದು ಚಕ್ರವನ್ನು ಮಾತ್ರ. ಬಂಡಿಯನ್ನು ನಿಲ್ಲಿಸತಕ್ಕುದು ಟೈರಿಗೂ ನೆಲಕ್ಕೂ ಇರುವ ಹಿಡಿತ. ಬಲವಾಗಿ ಬ್ರೇಕು ಹಾಕಿದಾಗ ಭಾರವೆಲ್ಲ ಮುಂದಕ್ಕೆ ನೂಕಲ್ಪಟ್ಟು ಮುಂದಿನ ಫೋರ್ಕು ಕುಸಿಯುತ್ತದೆ. ಸೋತ ಸ್ಪ್ರಿಂಗುಗಳು ಪೂರ್ತಿ ಕುಸಿದು ತಳಮುಟ್ಟಿದವೆಂದರೆ, ರಸ್ತೆಯ ಏರುತಗ್ಗುಗಳನ್ನು ಚಕ್ರವು ಅನುಸರಿಸಲಾರದೆ ನೆಲವನ್ನು ಬಿಟ್ಟು ನೆಗೆಯುವುದು. ನೆಗೆದ ಚಕ್ರಕ್ಕೆ ಎಂತಹ ಬ್ರೇಕಿದ್ದರೇನು? ಆದಕಾರಣ ಹಿಂದುಗಡೆಗೆ ಹೊಸ ಡ್ಯಾಂಪರುಗಳು, ಮುಂದುಗಡೆಗೆ ಗಟ್ಟಿಯಾದ ಸ್ಪ್ರಿಂಗು, ಹೊಸ ಎಣ್ಣೆ. ಸವಾರನು ಕುಳಿತಾಗ ಸ್ಪ್ರಿಂಗು ತನ್ನ ಒಟ್ಟು ಚಲನೆಯಲ್ಲಿ ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ಕುಗ್ಗಬೇಕೆಂಬುದು ವಾಡಿಕೆಯ ಪ್ರಮಾಣ. ನಾವು ಶಾಲೆಯ ಅಡಿಪಟ್ಟಿ ಹಿಡಿದು ಅಳೆದೆವು. ಅತ್ತಿಗೆಯವರು ಕ್ಯಾಲೆಂಡರಿನ ಬೆನ್ನಿನ ಮೇಲೆ ಬರೆದುಕೊಂಡರು. ಎರಡು ಸಲ ಅವರೇ ನಮ್ಮ ಕೂಡುವಿಕೆಯನ್ನು ತಿದ್ದಿದರು.

ಬಳಿಕ ಮೂಲ ಮಾದರಿಯ ಫೋರ್ಕಿನ ಕೆಳಗೊಳವೆ, ಡಿಸ್ಕು, ಅದನ್ನು ಹಿಡಿಯುವ ಕ್ಯಾಲಿಪರು ಬಂದವು. ಕೈಸನ್ನೆಯ ಬಳಿಯಿರುವ ಚಿಕ್ಕ ಸಿಲಿಂಡರಿನಲ್ಲಿ ಒತ್ತಿದ ದ್ರವವು ಕ್ಯಾಲಿಪರಿನ ದೊಡ್ಡ ಪಿಸ್ಟನ್ನನ್ನು ನೂಕುವುದು. ಪಾಸ್ಕಲನ ನಿಯಮವನ್ನು ಮೂವತ್ತು ವರ್ಷ ಪಾಠ ಹೇಳಿದ ಸಹೋದ್ಯೋಗಿಯೊಬ್ಬರನ್ನು ನೆನೆದುಕೊಂಡೆವು. ಆ ಚಿಕ್ಕ ಸಿಲಿಂಡರು ಕ್ಯಾಲಿಪರಿಗೆ ಹೊಂದುವಂತಿರಬೇಕು: ಹಿಗ್ಗಾದರೆ ಸನ್ನೆ ಕಲ್ಲಾಗುವುದು, ಕಿರಿದಾದರೆ ಹಿಡಿಯವರೆಗೂ ಬಂದುಬಿಡುವುದು. ಹಳೆಯ ರಬ್ಬರು ಕೊಳವೆ ಒತ್ತಡಕ್ಕೆ ಉಬ್ಬುವುದರಿಂದ ಉಕ್ಕಿನ ಹೆಣಿಗೆಯುಳ್ಳದ್ದನ್ನು ಹಾಕಿದ್ದಾಯಿತು. ಬ್ರೇಕಿನ ದ್ರವವು ಗಾಳಿಯಿಂದ ತೇವವನ್ನು ಹೀರುತ್ತದೆ. ತೇವವಾದರೆ ಕಡಮೆ ಕಾವಿಗೇ ಕುದಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸತಕ್ಕದ್ದೆಂದು ಅತ್ತಿಗೆಯವರು ಪಂಚಾಂಗದಲ್ಲಿ ಗುರುತು ಮಾಡಿದರು.

ಪರೀಕ್ಷೆಯ ದಿನ ಬೆಳಗ್ಗೆ ಆರು ಘಂಟೆಗೆ ಹೊರಟು, ಹೆಲ್ಮೆಟ್ಟು ಧರಿಸಿ, ಹುಡುಗನ ಹಿಂದೆ ಕುಳಿತು ಬೆಟ್ಟವನ್ನೇರಿದೆವು. ಎಡಬಲಗಳಲ್ಲಿ ಮಂಜು ಹರಿಯುತ್ತಿತ್ತು. ಒಂದು ತಿರುವಿನಲ್ಲಿ ಬಿಳಿಯ ಲಲಿತಮಹಲು ಕೆಳಗೆ ಕಾಣಿಸಿಕೊಂಡು ಮರೆಯಾಯಿತು. ದೇವಿಯ ದರ್ಶನ ಮಾಡಿ, ಮಹಿಷಾಸುರನ ವಿಗ್ರಹದ ಬಳಿ ಕ್ಷಣಕಾಲ ನಿಂತೆವು. ಇಳಿಯುವಾಗ ಪ್ರತಿ ತಿರುವಿನ ಮುನ್ನವೂ ಮನಸ್ಸು ಹಿಂದಕ್ಕೆ ಜಗ್ಗುತ್ತಿತ್ತು. ಹುಡುಗನ ಎರಡು ಬೆರಳುಗಳು ಸನ್ನೆಯನ್ನು ಮೆಲ್ಲನೆ ಒತ್ತುವುದು, ಮೂಗು ತುಸು ತಗ್ಗುವುದು, ಬಂಡಿ ವೇಗವನ್ನಿಳಿಸಿ ಸ್ವಸ್ಥವಾಗಿ ಹೊರಳುವುದು. ಅಡ್ಡದಾರಿಯಲ್ಲಿ ನಂದಿಯವರೆಗೆ ಹೋದೆವು. ಕುಳಿತ ಭಂಗಿಯಲ್ಲೇ ಹದಿನೈದು ಅಡಿಗೂ ಮಿಕ್ಕ ಆ ಕರಿಯ ಮೂರ್ತಿಯ ಎದುರು ಅಣ್ಣನವರು ಈ ಬಂಡಿಯನ್ನು ನಿಲ್ಲಿಸುತ್ತಿದ್ದ ಜಾಗದಲ್ಲೇ ಅದನ್ನು ನಿಲ್ಲಿಸಲಾಯಿತು. ಒಂದು ತೊಟ್ಟು ನೀರನ್ನು ಡಿಸ್ಕಿನ ಮೇಲೆ ಚಿಮುಕಿಸಿದೆವು. ಚುಂಯ್ ಎಂದು ಆರಿತು. ಕಾವು ಅಲ್ಲಿತ್ತು, ಹಿಡಿತವೂ ಇತ್ತು.

ಬೆಟ್ಟದ ಬುಡಕ್ಕೆ ಬಂದು ಇಳಿದಾಗ ಹುಡುಗನು ಬಗ್ಗಿ ನೋಡಿ, ಎಡಗಡೆಯ ಫೋರ್ಕಿನ ಸೀಲಿನಲ್ಲಿ ಎಣ್ಣೆ ತೆಳ್ಳಗೆ ಜಿನುಗಿರುವುದನ್ನು ಕಂಡನು. ಆ ಎಣ್ಣೆ ಡಿಸ್ಕಿಗೆ ಇಳಿದರೆ ಇಷ್ಟೆಲ್ಲ ಮಾಡಿದ್ದೂ ವ್ಯರ್ಥ. ನಾವು ಕೇಳುವ ಮೊದಲೇ, ಮನೆಗೆ ಬಂದೊಡನೆ, ಅವನೇ ತಾಯಿಗೆ ತಿಳಿಸಿದನು. ನಾವು ಒಪ್ಪಿದೆವೆಂದು ಹೇಳಿದೆವು. ಅತ್ತಿಗೆಯವರು ಕೇಳಿಕೊಂಡು ಕಾಫಿ ಕೊಟ್ಟರು. ಹೊಸ ಸೀಲು ಬರುವವರೆಗೆ ಬೀಗದ ಕೈ ಸೆರಗಿನಲ್ಲೇ ಇದೆ.