ಊರ ಹುಡ್ಗನೋ, ಬೌಲರೋ?

2024ರ ನವೆಂಬರ್‌ನ ಐಪಿಎಲ್ ಹರಾಜಲ್ಲಿ ಕೆ.ಎಲ್. ರಾಹುಲ್‌ನ ಆರ್‌ಸಿಬಿ ತಗೊಳ್ಳಲಿಲ್ಲ, 14 ಕೋಟಿಗೆ ಡೆಲ್ಲಿ ಪಾಲಾದ. ನಮ್ಮ ಬಾಣಸವಾಡಿ ಗ್ಯಾಂಗ್ ಎರಡು ಹೋಳಾಯ್ತು. "ಊರ ಹುಡ್ಗನ್ನೇ ಬಿಟ್ರಲ್ಲೋ, ಇನ್ನೆಲ್ಲಿ ಕಪ್ಪು!" ಅಂತ ಅವರು. ನಾನು ಬೌಲರ್ ಪಾರ್ಟಿ: "ಮಗಾ, ಗೇಲ್, ಕೊಹ್ಲಿ, ಎಬಿಡಿ ಮೂವರೂ ಇದ್ದಾಗ್ಲೇ 2016ರ ಫೈನಲ್‌ನಲ್ಲಿ 208 ರನ್ ಕೊಟ್ಟು ಸೋತ್ವಿ. ಈಗ ಹೇಜಲ್‌ವುಡ್, ಭುವಿ, ಕೃಣಾಲ್ ಬಂದಿದ್ದಾರೆ, ಸುಮ್ನಿರು."

2025ರ ಏಪ್ರಿಲ್ 10ಕ್ಕೆ ರಾಹುಲ್ ಚಿನ್ನಸ್ವಾಮಿಯಲ್ಲೇ ಔಟಾಗದೆ 93 ಹೊಡೆದು ನಮ್ಮನ್ನ ಸೋಲಿಸಿ, ಇದು ನನ್ನ ಜಾಗ ಅನ್ನೋ ಹಾಗೆ ಬ್ಯಾಟಿಂದ ನೆಲದ ಮೇಲೆ ವೃತ್ತ ಎಳೆದ. ಅವತ್ತು ಗ್ಯಾಂಗಲ್ಲಿ ನಂಗೆ ಮಾತಾಡೋಕೇ ಬಿಡ್ಲಿಲ್ಲ.

ಜೂನ್ 3ರ ಫೈನಲ್‌ನಲ್ಲಿ 5.75 ಕೋಟಿಯ ಕೃಣಾಲ್ 4 ಓವರ್‌ಗೆ ಬರೀ 17 ರನ್ ಕೊಟ್ಟು 2 ವಿಕೆಟ್ ಕಿತ್ತ. ನಾವು ಗೆದ್ದಿದ್ದು 6 ರನ್ನಲ್ಲಿ. ವಾದ ನಂದೇ ಗೆಲ್ತು. ಆದ್ರೂ ಆ ವೃತ್ತ ಎಳೆದವನು ನಮ್ಮ ಜೆರ್ಸಿಲಿ ಇದ್ದಿದ್ರೆ ಅಂತ ನಂಗೂ ಅನ್ಸುತ್ತೆ.