ಆ ಕಡೆ ಸ್ವಲ್ಪ ಹಿಡೀರಿ

ಸುರಪುರದ ರಂಗಂಪೇಟೆಯ ನಮ್ಮ ಮನೆಗೆ ಬಂದವರು ಚಹಾ ಕುಡಿಯದೆ ಹೋದದ್ದುಂಟು, ಹಲಗೆ ಹಿಡಿಯದೆ ಹೋದವರಿಲ್ಲ. ಸಂಬಂಧದ ಮಾತಿಗೆ ಬಂದ ಹಿರಿಯರು, ಕರೆಂಟ್ ಬಿಲ್ಲಿನ ಹುಡುಗ, ಜಾತ್ರೆಯ ಪಟ್ಟಿ ಕೇಳಲು ಬಂದವರು, ಉರುಸಿನ ಚಂದಾ ಎತ್ತಲು ಬಂದವರು, ಎಲ್ಲರಿಗೂ ಅಪ್ಪನದು ಒಂದೇ ಸ್ವಾಗತ: "ಬಂದ್ರಿ? ಛಲೋ ಆಯ್ತು ನೋಡ್ರಿ. ಆ ಕಡೆ ಸ್ವಲ್ಪ ಹಿಡೀರಿ." ಬಂದವರು ಚಪ್ಪಲಿ ಬಿಡುವುದರೊಳಗೆ ಹಲಗೆಯ ತುದಿ ಅವರ ಅಂಗೈಗೆ ಬಂದಿರುತ್ತಿತ್ತು. ಕೊಯ್ತ ಮುಗಿಯುವತನಕ ಯಾವ ಪಟ್ಟಿಯೂ ಇಲ್ಲ, ಯಾವ ಸಂಬಂಧವೂ ಇಲ್ಲ.

ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರರಾಗಿದ್ದವರು. ನಿವೃತ್ತರಾದ ಮೇಲೆ ಓರಗೆಯವರು ವೇಣುಗೋಪಾಲಸ್ವಾಮಿ ಗುಡಿಯ ಕಟ್ಟೆ ಹಿಡಿದರೆ, ಇವರು ಹಿತ್ತಲಲ್ಲಿ ನಾಲ್ಕು ತಗಡು ಹೊದಿಸಿಕೊಂಡು ಗರಗಸ ಹಿಡಿದರು. ಊರಲ್ಲಿ ಆಗ ಮಣ್ಣಿನ ಮಾಳಿಗೆಗಳನ್ನು ಕೆಡವಿ ಆರ್‌ಸಿಸಿ ಹಾಕಿಸುವ ಭರಾಟೆ. ಕೆಡವಿದ ಮನೆಗಳ ತೊಲೆ, ಜಂತಿ, ಬಾಗಿಲ ಹಲಗೆಗಳೆಲ್ಲ ಉರುವಲಿನ ಬೆಲೆಗೆ ಹೋಗುವುದು ಅವರಿಂದ ನೋಡಲಾಗಲಿಲ್ಲ. ತಾತ ಮುತ್ತಾತಂದಿರ ತಲೆಯ ಮೇಲೆ ನಿಂತಿದ್ದ ಸಾಗವಾನಿಯನ್ನು ಒಲೆಗೆ ಹಾಕುವುದು ಅವರ ಪ್ರಕಾರ ದಸ್ತಾವೇಜು ಸುಟ್ಟಂತೆ. ಹೀಗೆ ನಮ್ಮ ಹಿತ್ತಲು ಊರಿನ ಅರ್ಧ ಮನೆಗಳ ಪತ್ರಾಗಾರವಾಯಿತು.

ಕೆಲಸ ಕಲಿಸಿದವರು ಓಣಿಯ ಬಡಿಗೇರ ಕಾಕಾ. ಕೃಷ್ಣಾ ನದಿಯ ದಂಡೆಯ ತಿಂಥಣಿ ಮೌನೇಶ್ವರನ ಭಕ್ತರು. ವಿಶ್ವಕರ್ಮರು ತಮ್ಮವನೆಂದು ನಡೆದುಕೊಳ್ಳುವ, ಹಿಂದೂಗಳೂ ಮುಸಲ್ಮಾನರೂ ಒಟ್ಟಿಗೆ ಕೈಮುಗಿಯುವ ಆ ಸಂತನ ಹೆಸರಿಗೆ ತಕ್ಕಂತೆ ಕಾಕಾನ ಬಾಯಿಂದ ಮಾತು ಬರುತ್ತಿದ್ದುದು ಅಪರೂಪ. ಅಪ್ಪನೋ ನಲವತ್ತು ನಿಮಿಷದ ಪೀರಿಯಡ್ಡಿಗೆ ಒಗ್ಗಿದ ನಾಲಿಗೆಯವರು. ಕಾಕಾ ಕಲಿಸಿದ ಪಾಠವೆಲ್ಲ ಸೇರಿದರೆ ಎರಡು ಸಾಲಾಗುವುದಿಲ್ಲ: "ಎತ್ತಬ್ಯಾಡ್ರಿ, ಇಳಸಬ್ಯಾಡ್ರಿ. ಹಲಗಿ ಹೆಂಗ ಅದ ಹಂಗ ಇರ್ಲಿ." ಅಪ್ಪ ಇದಕ್ಕೆ ಭಾಷ್ಯ ಬರೆಯುತ್ತಲೇ ಉಳಿದರು.

ಉದ್ದದ ಹಲಗೆಗೆ ತನ್ನ ಭಾರವೇ ತನಗೆ ಹಗೆ. ಐದು ಅಡಿಯದನ್ನು ಎರಡು ತುದಿಗೆ ಆಧಾರ ಕೊಟ್ಟು ಇಟ್ಟರೆ ಅದು ಬಾಗಿದ್ದು ಕಣ್ಣಿಗೆ ಕಾಣುವುದಿಲ್ಲ. ಅದೇ ಮರದ, ಅದೇ ದಪ್ಪದ ಹತ್ತು ಅಡಿಯ ಹಲಗೆ ಎರಡು ಪಟ್ಟಲ್ಲ, 16 ಪಟ್ಟು ಬಾಗುತ್ತದೆ. ಎರಡು ಸ್ಟೂಲುಗಳ ನಡುವೆ ಕೊಯ್ಯಲು ಹೋದರೆ ಹಲಗೆ ಒಳಕ್ಕೆ ಮಡಚಿ ಗರಗಸವನ್ನು ಕಚ್ಚಿಕೊಳ್ಳುತ್ತದೆ. ಸ್ಟೂಲಿನ ಆಚೆ ಕೊಯ್ದರೆ ಹೊರಚಾಚಿದ ತುಂಡು ಜೋತು, ಇನ್ನು ಬೆರಳಗಲ ಉಳಿದಿರುವಾಗ ಲಟಕ್ಕನೆ ಮುರಿದು, ಕೆಳಗಿನ ಮೈಯಿಂದ ಗೇಣುದ್ದದ ಸಿಬಿರನ್ನು ಎಳೆದುಕೊಂಡೇ ಹೋಗುತ್ತದೆ. ಆದ್ದರಿಂದ ಆ ತುದಿಗೆ ಒಬ್ಬ ಮನುಷ್ಯ ಬೇಕು. ಹಲಗೆಯನ್ನು ಸುಮ್ಮನೆ ಇಡುವುದಕ್ಕೂ ಒಂದು ಲೆಕ್ಕವಿದೆ: ಆಧಾರದ ಕಲ್ಲುಗಳನ್ನು ತುದಿಗಲ್ಲ, ತುದಿಯಿಂದ ಐದರಲ್ಲೊಂದು ಪಾಲು ಒಳಗೆ ಇಡಬೇಕು. ಇಂಗ್ಲೆಂಡಿನ ಖಗೋಳಶಾಸ್ತ್ರಜ್ಞ ಜಾರ್ಜ್ ಏರಿ 1845ರಲ್ಲಿ ಅಳತೆಗೋಲುಗಳನ್ನು ಎಲ್ಲಿ ಆಧರಿಸಬೇಕೆಂದು ಗಣಿತ ಹಾಕಿ ಹೆಚ್ಚುಕಡಿಮೆ ಇದೇ ಜಾಗಕ್ಕೆ ಬಂದ. ಕಾಕಾ ಬಾಯೊಳಗಿನ ಎಲೆಅಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ಸರಿಸುವಷ್ಟರಲ್ಲಿ ಇಟ್ಟಂಗಿಗಳನ್ನು ಅಲ್ಲೇ ಇಡುತ್ತಿದ್ದರು.

ಹಲಗೆ ಹಿಡಿಯುವುದರಲ್ಲಿ ಮನುಷ್ಯನ ಸ್ವಭಾವ ಬಯಲಾಗುವಷ್ಟು ಮದುವೆ ಮನೆಯಲ್ಲೂ ಆಗುವುದಿಲ್ಲ. ನಮ್ಮ ಸೋದರಮಾವ ಉಪಕಾರದ ಮನುಷ್ಯ. ಹಿಡಿ ಎಂದರೆ ಎತ್ತಿಯೇ ಬಿಡುವರು. ಅವರ ಪ್ರೀತಿ ಹೆಚ್ಚಿದಷ್ಟೂ ಗರಗಸ ಕಚ್ಚಿಕೊಳ್ಳುತ್ತಿತ್ತು. "ಮಾವಾ, ಇಷ್ಟು ಸಹಾಯ ಮಾಡಬ್ಯಾಡ" ಎಂದು ಅಪ್ಪ ಅಂಗಲಾಚುತ್ತಿದ್ದರು. ಪಕ್ಕದ ಮನೆಯ ಬಸ್ ಡ್ರೈವರರಿಗೆ ಕೈ ಆಡಿಸದೆ ಮಾತು ಬರುತ್ತಿರಲಿಲ್ಲ. ಯಾದಗಿರಿ ಸ್ಟ್ಯಾಂಡಿನ ಜಗಳವೊಂದನ್ನು ವರ್ಣಿಸುವಾಗ ಹಲಗೆಯೂ ಆ ಜಗಳದಲ್ಲಿ ಪಾಲ್ಗೊಂಡಿತು. ಸಾಲ ಕೇಳಲು ಬಂದವರು ಮಾತ್ರ ಬಹಳ ಚೆನ್ನಾಗಿ ಹಿಡಿಯುತ್ತಿದ್ದರು.

ಹಿಡಿದವರು ಬಿಟ್ಟು ಓಡುವಂತಿಲ್ಲವೆಂಬುದು ಅಪ್ಪನಿಗೆ ಗೊತ್ತಿತ್ತು. ಇತಿಹಾಸದ ಪಾಠ ಆಗಲೇ ಶುರು. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಕಡೆ ಗಡ್ಡ ತಿರುಗಿಸಿ, ಒಂದು ಕಾಲಕ್ಕೆ ಸುರಪುರದ ಆಡಳಿತ ನೋಡಿಕೊಂಡಿದ್ದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರನ ಕಥೆ ತೆಗೆಯುವರು. ಬಾಲಕ ರಾಜಾ ವೆಂಕಟಪ್ಪ ನಾಯಕ ಆ ಬಿಳಿಯನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. 1853ರಲ್ಲಿ ಟೇಲರ್ ಸುರಪುರ ಬಿಟ್ಟ. 1858ರಲ್ಲಿ ರಾಜ ಬ್ರಿಟಿಷರ ವಿರುದ್ಧ ಎದ್ದ, ಸೆರೆಯಾದ, ಅದೇ ವರ್ಷ ಗುಂಡಿಗೆ ತೀರಿಕೊಂಡ. ಇಷ್ಟು ಹೇಳುವಷ್ಟರಲ್ಲಿ ಕೇಳುತ್ತಿದ್ದವರ ಕೈ ಸೋತು ಹಲಗೆ ಜೋತಿದ್ದರೆ, "ನೋಡ್ರಿ, ನಡುವ ಕೈ ಬಿಟ್ರ ಹಿಂಗ ಆಗ್ತದ" ಎನ್ನುವರು. ಇದು ಟೇಲರನಿಗೆ ಹೇಳಿದ್ದೋ ಕರೆಂಟ್ ಬಿಲ್ಲಿನ ಹುಡುಗನಿಗೆ ಹೇಳಿದ್ದೋ ತಿಳಿಯುತ್ತಿರಲಿಲ್ಲ.

ಅವ್ವನ ಹಾಗೆ ಹಿಡಿಯುವವರು ಯಾರೂ ಇರಲಿಲ್ಲ. ಅವಳು ಹಲಗೆಯನ್ನು ನೋಡುತ್ತಲೂ ಇರಲಿಲ್ಲ. ಕಣ್ಣು ಅಡಿಗೆಮನೆಯ ಬಾಗಿಲಲ್ಲಿ, ಮನಸ್ಸು ಒಲೆಯ ಮೇಲಿನ ಬೇಳೆಯಲ್ಲಿ, ಕೈ ಮಾತ್ರ ಇಲ್ಲಿ. ಗರಗಸದ ಸದ್ದು ಕೊನೆಗೆ ತೆಳ್ಳಗಾಗುತ್ತದಲ್ಲ, ಅದು ಅವಳಿಗೆ ಕೇಳಿಸುತ್ತಿತ್ತು. ತುಂಡು ಬೇರೆಯಾಗುವ ಕ್ಷಣಕ್ಕೆ ಸರಿಯಾಗಿ ಭಾರವನ್ನು ತನ್ನ ಮೇಲೆ ತೆಗೆದುಕೊಳ್ಳುತ್ತಿದ್ದಳು. ಸಿಬಿರು ಏಳುತ್ತಿರಲಿಲ್ಲ. ಅಪ್ಪ ಕೊಯ್ದ ತುದಿಯನ್ನು ಬೆರಳಿಂದ ಸವರಿ, "ಗರಗಸ ಛಲೋ ಅದ" ಎನ್ನುತ್ತಿದ್ದರು. ಅವ್ವ ಸೆರಗಿಗೆ ಅಂಟಿದ ಹೊಟ್ಟು ಝಾಡಿಸಿಕೊಂಡು, "ಹೌದೌದು, ಗರಗಸದ್ದೇ" ಎಂದು ಒಳಗೆ ಹೋಗುತ್ತಿದ್ದಳು.

ಅವಳ ಮೊಣಕಾಲು ನೋವು ಹೆಚ್ಚಾದಾಗ ಬೆಂಗಳೂರಿನಿಂದ ನಾನೊಂದು ರೋಲರ್ ಸ್ಟ್ಯಾಂಡ್ ತರಿಸಿ ಕಳಿಸಿದೆ. ಎತ್ತರ ಏರಿಸಬಹುದು, ಇಳಿಸಬಹುದು, ಹಲಗೆ ಮೇಲೆ ಉರುಳಿಕೊಂಡು ಹೋಗುತ್ತದೆ, ಎದುರು ಮಾತಾಡುವುದಿಲ್ಲ. ಅಪ್ಪ ಫೋನಿನಲ್ಲಿ ಬಹಳ ಹೊಗಳಿದರು. ಊರಿಗೆ ಹೋಗಿ ನೋಡಿದರೆ ಅದರ ಮೇಲೆ ಟವೆಲ್ ಒಣಗುತ್ತಿತ್ತು. "ಯಾಕ, ಕೆಲಸ ಮಾಡಲ್ಲೇನು?" ಎಂದೆ. "ಮಾಡ್ತದ. ಆದ್ರ ಹೂಂ ಅನ್ನಂಗಿಲ್ಲ" ಎಂದರು.

ಆ ಸಲವೇ ನಾನು ಇನ್ನೊಂದು ಕಂಡದ್ದು. ಶೆಡ್ಡಿನ ಎರಡೂ ಸ್ಟೂಲುಗಳು ಗಿಡ್ಡವಾಗಿದ್ದವು. ಕಾಲುಗಳನ್ನು ಹೊಸದಾಗಿ ಕೊಯ್ದ ಗುರುತು. ಆ ತುದಿಗೆ ಅವ್ವನ ಪ್ಲಾಸ್ಟಿಕ್ ಕುರ್ಚಿ. ಅವಳು ಕುಳಿತು, ಹಲಗೆಯ ತುದಿಯನ್ನು ತೊಡೆಯ ಮೇಲಿಟ್ಟುಕೊಂಡರೆ ಅದು ಸ್ಟೂಲುಗಳ ಮಟ್ಟಕ್ಕೆ ಸರಿಯಾಗಿ ಬರುತ್ತಿತ್ತು. ಅಪ್ಪನೋ ಆರಡಿಯ ಆಳು. ಈಗ ಸೊಂಟ ಬಗ್ಗಿಸಿಕೊಂಡೇ ಕೊಯ್ಯಬೇಕು. ರಾತ್ರಿ ನಡುವಿಗೆ ಮುಲಾಮು ತಿಕ್ಕಿಸಿಕೊಳ್ಳುತ್ತ ಹವೆಯನ್ನೂ ಪಿಂಚಣಿಯನ್ನೂ ಬೈದರೇ ಹೊರತು ಸ್ಟೂಲಿನ ಸುದ್ದಿ ತೆಗೆಯಲಿಲ್ಲ. ಅವ್ವನೂ ಕೇಳಲಿಲ್ಲ.

ಯಾದಗಿರಿಯಲ್ಲಿ ರೈಲಿಳಿದು, ಭೀಮೆಯನ್ನು ದಾಟಿ ಸುರಪುರಕ್ಕೆ ಹೋಗುವ ದಾರಿಯಲ್ಲಿ ಶಹಾಪುರದ ಬೆಟ್ಟ ಕಾಣುತ್ತದೆ, ಬುದ್ಧ ಮಲಗಿದ್ದಾನೆಂದು ಜನ ಕೈಮಾಡಿ ತೋರಿಸುವ ಬೆಟ್ಟ. ಹಣೆ, ಮೂಗು, ಗದ್ದ, ಎದೆ ಎಲ್ಲ ಒಂದೇ ಗೆರೆಯಲ್ಲಿ. ಒಮ್ಮೆ ಜೊತೆಗಿದ್ದ ಅಪ್ಪ ಅದನ್ನು ಬಹಳ ಹೊತ್ತು ನೋಡಿ, "ಎಲ್ಲೀನೂ ಬಾಗಿಲ್ಲ ನೋಡು. ಉದ್ದಕ್ಕೂ ಆಧಾರ ಅದ" ಎಂದರು. ಅಧ್ಯಾತ್ಮದ ಮಾತೆಂದುಕೊಂಡು ಮುಂದಿನ ಸೀಟಿನವರೊಬ್ಬರು ತಲೆದೂಗಿದರು.

ಈಚೆಗೆ ಅಪ್ಪನಿಗೆ ಉದ್ದದ ಹಲಗೆಗಳ ಮೋಹ ಹೆಚ್ಚಿದೆ. ಅವ್ವನಿಗೆ ಆಗುವುದು ಐದಾರು ಅಡಿಯದು ಮಾತ್ರ. ಇವರು ತರುವುದು ಹತ್ತರದ್ದು. ಹೋದಾಗೆಲ್ಲ ನಾನು ಹಿಡಿಯುತ್ತೇನೆ, ಟೇಲರನ ಕಥೆ ಕೇಳುತ್ತೇನೆ, ಹಲಗೆ ಎರಡಾಗುತ್ತದೆ. ಹಾಗೆ ಎರಡಾದವು ಯಾವುವೂ ಕಪಾಟಾಗಿಲ್ಲ, ಮಂಚವಾಗಿಲ್ಲ. ಶೆಡ್ಡಿನ ಮೂಲೆಯಲ್ಲಿ ಜೋಡಿಜೋಡಿಯಾಗಿ ನಿಂತಿವೆ. ಮೊನ್ನೆ ಮತ್ತೆ ಫೋನು.

"ಒಂದು ಹಲಗಿ ತಂದೀನಿ. ಹತ್ತು ಫೂಟ್ ಅದ. ನಿಮ್ಮವ್ವನ ಕೈಲಿ ಆಗಲ್ಲ."

"ಅಂಗಡಿಯಾಗೇ ಕೊಯ್ಸಿ ತರಬೇಕಿಲ್ಲೇನು?"

"ಕೊಯ್ಸಬಹುದಿತ್ತು" ಎಂದರು ಅಪ್ಪ. ಆಮೇಲೆ, "ಉದ್ಯಾನ್ ಎಕ್ಸ್‌ಪ್ರೆಸ್ಸಿಗಿ ಟಿಕೆಟ್ ಸಿಗ್ತದೇನು ನೋಡು. ಎರಡು ದಿನ ಹೆಚ್ಚಿಗಿ ರಜಾ ಹಾಕು, ಸಾಗವಾನಿ ಬಾಳ ಗಟ್ಟಿ ಇರ್ತದ."