ಅಳಿಸಿ ಬರೆದ ಹೆಸರು

ಹಿಂದಿನ ಚಳಿಗಾಲದಲ್ಲಿ ನಾವು ಗಂಡ-ಹೆಂಡತಿ ಎಂಟನೆಯ ತರಗತಿಯ ಮಗಳನ್ನು ಕರೆದುಕೊಂಡು ಕೆಮ್ಮಣ್ಣುಗುಂಡಿಗೆ ಹೋಗಿದ್ದೆವು. ಹೊಸರಿತ್ತಿಯಲ್ಲಿ ಮಾಸ್ತರಿಕೆ ಮಾಡುವ ನಮಗಿಬ್ಬರಿಗೂ ಹಕ್ಕಿ ನೋಡುವ ಹುಚ್ಚು ಹಿಡಿದದ್ದು ತಡವಾಗಿ. ವರದಾ ನದಿಯ ದಂಡೆಯಲ್ಲಿ ಕೊಕ್ಕರೆ, ಮಿಂಚುಳ್ಳಿಗಳನ್ನು ಗುರುತಿಸಿ ಒಂದಿಷ್ಟು ಧೈರ್ಯ ಬಂದಿತ್ತು. ಮಲೆಯ ಹಕ್ಕಿಗಳನ್ನೂ ನೋಡಿಬಿಡೋಣ ಎಂದುಕೊಂಡೆವು.

ಸುಮಾರು 1,400 ಮೀಟರ್ ಎತ್ತರದ ಆ ಬೆಟ್ಟದ ಕಾಡಿನಲ್ಲಿ ನಮ್ಮ ಧೈರ್ಯ ಅರ್ಧ ಗಂಟೆಯಲ್ಲೇ ಕರಗಿತು. ತಲೆಯ ಮೇಲಿನ ಎಲೆಗಳ ನಡುವೆ ಮತ್ತೊಂದು ಎಲೆಯಂತೆ ಏನೋ ಅಲುಗುತ್ತಿತ್ತು. ಗುಬ್ಬಿಗಿಂತ ಚಿಕ್ಕದು; ಬೂದು ಬೆರೆತ ಹಸಿರು ಬೆನ್ನು, ಮಾಸಿದ ಬಿಳಿ ಹೊಟ್ಟೆ, ಕಣ್ಣಿನ ಮೇಲೆ ತಿಳಿಬಣ್ಣದ ಹುಬ್ಬು. ಇವು ವಾರ್ಬ್ಲರ್ ಜಾತಿಯವು. ಕನ್ನಡದಲ್ಲಿ ಉಲಿಯಕ್ಕಿ ಎನ್ನುವುದುಂಟು. ಹತ್ತು ಸೆಂಟಿಮೀಟರ್ ಉದ್ದ, ಏಳೆಂಟು ಗ್ರಾಂ ತೂಕ. ಹಿಮಾಲಯದಿಂದ, ಇನ್ನೂ ಆಚೆಯ ನಾಡುಗಳಿಂದ ಚಳಿಗಾಲ ಕಳೆಯಲು ನಮ್ಮ ಘಟ್ಟಗಳಿಗೆ ಬರುತ್ತವೆ.

ಕಷ್ಟವೆಂದರೆ, ಹೀಗೆ ಬರುವವರಲ್ಲಿ ಹಲವರ ಉಡುಪು ಒಂದೇ. ಗ್ರೀನಿಶ್ ವಾರ್ಬ್ಲರ್‌ನ ರೆಕ್ಕೆಯ ಮೇಲೆ ಸಾಮಾನ್ಯವಾಗಿ ಒಂದು ಸಣ್ಣ ಬಿಳಿಗೆರೆ. ಲಾರ್ಜ್-ಬಿಲ್ಡ್ ವಾರ್ಬ್ಲರ್‌ನ ಬಣ್ಣ ತುಸು ಕಪ್ಪು, ಕೊಕ್ಕು ದಪ್ಪ. ವೆಸ್ಟರ್ನ್ ಕ್ರೌನ್ಡ್ ವಾರ್ಬ್ಲರ್‌ಗೆ ನೆತ್ತಿಯ ನಡುವೆ ಒಂದು ತಿಳಿಪಟ್ಟೆ. ಪುಸ್ತಕದಲ್ಲಿ ಇವೆಲ್ಲ ಸ್ಪಷ್ಟ. ನಲವತ್ತು ಅಡಿ ಎತ್ತರದ ನೆರಳಿನಲ್ಲಿ ಅಲ್ಲ. ಗರಿ ಸವೆದರೆ ಗೆರೆಯೂ ಅಳಿಸಿಹೋಗುತ್ತದೆ. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ ಸಲೀಂ ಅಲಿಯವರ ಕಾಲದಲ್ಲಿ ಹಕ್ಕಿಯನ್ನು ಹೊಡೆದು, ಕೈಯಲ್ಲಿ ಹಿಡಿದು, ರೆಕ್ಕೆಯ ಗರಿಗಳನ್ನು ಅಳೆದು ಹೆಸರು ನಿರ್ಧರಿಸುತ್ತಿದ್ದರು. ನಮ್ಮ ಬಳಿ ಇದ್ದದ್ದು ಒಂದು ದುರ್ಬೀನು, ಸಾಕಷ್ಟು ಅವಸರ.

ನಾವು 'ಲಾರ್ಜ್-ಬಿಲ್ಡ್' ಎಂದು ಬರೆದುಕೊಂಡೆವು. ನಿಜ ಹೇಳಬೇಕೆಂದರೆ ಕೊಕ್ಕು ದಪ್ಪವೆಂದು ನಮಗೆ ಕಾಣಲಿಲ್ಲ, ಕಾಣಬೇಕೆಂದು ಆಸೆಯಿತ್ತು. ಅಪರೂಪದ ಹೆಸರೊಂದನ್ನು ಊರಿಗೆ ಒಯ್ಯುವ ಆಸೆ. ಮರಳಿ ಬಂದು ಶಾಲೆಯ ಕರಿಹಲಗೆಯ ಮೇಲೂ ಅದನ್ನೇ ಬರೆದೆವು.

ಮಗಳು ಮಾತ್ರ ಸುಮ್ಮನಿರಲಿಲ್ಲ. ಕಾಡಿನಲ್ಲಿ ಆಕೆ ಆ ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಿದ್ದಳು. "ಅಬ್ಬಾ, ದೊಡ್ಡ ಕೊಕ್ಕಿನದು ಎರಡು ಸ್ವರದಾಗ ಸಿಳ್ಳೆ ಹೊಡೀತದ, ಎರಡನೇದು ಮೇಲಕ್ಕ ಏರ್ತದ. ಇದು ಗುಬ್ಬಿ ಕೂಗಿದಂಗ 'ಚಿಸ್ವಿ' ಅಂತದ. ನೀವು ನೋಡಿದ್ರಿ, ಕೇಳಲಿಲ್ಲ" ಎಂದಳು. ನಾವು ವಾದಿಸಿದೆವು. ಆಕೆ ಉತ್ತರ ಕೊಡದೆ ನಮ್ಮನ್ನು ಹಿತ್ತಲಿಗೆ ಕರೆದೊಯ್ದು ನಿಲ್ಲಿಸಿದಳು. ನಮ್ಮ ಬೇವಿನ ಮರದಿಂದ ಅದೇ ದನಿ ಬಂತು: ಚಿಸ್ವಿ, ಚಿಸ್ವಿ.

ಎಷ್ಟು ಚಳಿಗಾಲಗಳಿಂದ ಕೂಗುತ್ತಿತ್ತೋ! ಗ್ರೀನಿಶ್ ವಾರ್ಬ್ಲರ್ ಘಟ್ಟದ ಕಾಡಿಗಷ್ಟೇ ಸೇರಿದ್ದಲ್ಲ, ಬಯಲುಸೀಮೆಯ ಮರಗಳಲ್ಲೂ ಚಳಿಗಾಲ ಕಳೆಯುತ್ತದೆ.

ಮರುದಿನ ತರಗತಿಯಲ್ಲಿ ಆ ಹೆಸರನ್ನು ಅಳಿಸಿ ಸರಿಯಾದದ್ದನ್ನು ಬರೆದೆವು. ಮಕ್ಕಳೆದುರು "ನಾವು ತಪ್ಪಿದೆವು" ಎನ್ನಲು ಇಷ್ಟು ವರ್ಷಗಳ ನೌಕರಿಯಲ್ಲಿ ನಮಗೆ ಅಭ್ಯಾಸವೇ ಆಗಿರಲಿಲ್ಲ.

ಆಮೇಲೆ ಓದಿದಾಗ ತಿಳಿಯಿತು, ಈ ಹಕ್ಕಿಗಳು ತಮ್ಮವರನ್ನು ಗುರುತಿಸುವುದೂ ದನಿಯಿಂದಲೇ. ಹಿಮಾಲಯದಿಂದ ಟಿಬೆಟ್ ಪ್ರಸ್ಥಭೂಮಿಯ ಎರಡೂ ಬದಿಗೆ ಹರಡುತ್ತ ಹೋದ ಇವುಗಳ ಹಾಡು ಸ್ವಲ್ಪಸ್ವಲ್ಪವೇ ಬದಲಾಗಿ, ಸೈಬೀರಿಯದಲ್ಲಿ ಮತ್ತೆ ಸೇರುವಾಗ ಒಂದರ ಹಾಡಿಗೆ ಇನ್ನೊಂದು ಓಗೊಡುವುದಿಲ್ಲವಂತೆ. ಡ್ಯಾರೆನ್ ಇರ್ವಿನ್ ಮತ್ತು ಸಂಗಡಿಗರು 2001ರಲ್ಲಿ ಇದನ್ನು ಪ್ರಕಟಿಸಿದರು. ಅವರಲ್ಲೊಬ್ಬರಾದ ಟ್ರೆವರ್ ಪ್ರೈಸ್ ಅದಕ್ಕೂ ಮೊದಲು ನಮ್ಮ ದೇಶದಲ್ಲಿ ಇದೇ ಹಕ್ಕಿಯ ಚಳಿಗಾಲದ ಬದುಕನ್ನು ಅಭ್ಯಸಿಸಿದ್ದರು. ಪ್ರತಿ ಹಕ್ಕಿಯೂ ಕೆಲವು ಮರಗಳನ್ನು ತನ್ನದಾಗಿಸಿಕೊಂಡು, ಕೂಗಿ ಕೂಗಿ ಕಾಯ್ದುಕೊಂಡು, ಮುಂದಿನ ವರ್ಷ ಅದೇ ಜಾಗಕ್ಕೆ ಮರಳುವುದುಂಟು.

ಇದನ್ನು ಓದಿದಾಗ ನಮಗೆ ಕಸಿವಿಸಿಯಾಯಿತು. ಒಂದು ಕೋಣೆ ಕಟ್ಟಿಸಬೇಕೆಂದು ಆ ಬೇವನ್ನು ಮಾರಿ, ಸಂಚಕಾರವನ್ನೂ ಪಡೆದಿದ್ದೆವು. ಎರಡು ರಾತ್ರಿ ಲೆಕ್ಕ ಹಾಕಿ ಹಣ ಹಿಂದಿರುಗಿಸಿದೆವು. ಕೋಣೆ ಇನ್ನೂ ಆಗಿಲ್ಲ. ಮಗಳು ಪಡಸಾಲೆಯಲ್ಲೇ ಓದುತ್ತಾಳೆ. "ಎಂಟು ಗ್ರಾಂ ಹಕ್ಕಿಗಾಗಿ ಏನ್ರೀ ಮಾಸ್ತರ!" ಎಂದು ನೆರೆಯವರು ನಕ್ಕರು.

ಬೇಸಿಗೆಗೆ ಮುನ್ನ ದನಿ ನಿಂತಿತು. ಅಕ್ಟೋಬರಿನ ಒಂದು ಮುಂಜಾನೆ ಮತ್ತೆ ಕೇಳಿಸಿತು. ಅದೇ ಹಕ್ಕಿಯೇ ಎಂದು ಮಗಳನ್ನು ಕೇಳಿದೆವು. "ಕಾಲಿಗೆ ಬಳೆ ಹಾಕಿದ್ರ ಗೊತ್ತಾಗ್ತಿತ್ತು. ಗ್ರೀನಿಶ್ ಅಂತಷ್ಟೇ ಬರೀರಿ" ಎಂದಳು.

ಅಷ್ಟನ್ನೇ ಬರೆದಿದ್ದೇವೆ. ಉಡುಪು ನೋಡಿ ಹೆಸರು ಹೇಳಿಬಿಡುವುದು ನಮಗೆಲ್ಲ ಸುಲಭ, ಹಕ್ಕಿಗೂ ಮನುಷ್ಯರಿಗೂ. ಕೇಳಿಸಿಕೊಳ್ಳಲು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಬೇಕು.